ಹಿಮದ ಗೆರೆಯವರೆಗೆ

ಜಲಜಾ ಓಡಲು ಶುರು ಮಾಡಿದ್ದು ನಾಚಿಕೆಯಿಂದ. ಹಿಂದಿನ ವರ್ಷ ಫೆಬ್ರವರಿಯ ಒಂದು ಬೆಳಗ್ಗೆ ಮಗಳು ರೋಹಿಣಿ ಊಟದ ಡಬ್ಬಿ ಮರೆತು ಸ್ಕೂಲ್ ಬಸ್ ಹತ್ತಿಬಿಟ್ಟಿದ್ದಳು. ಡಬ್ಬಿ ಹಿಡಿದು ಬಸ್ಸಿನ ಹಿಂದೆ ಓಡಿದ ಜಲಜಾಗೆ ಎರಡು ಮನೆ ದಾಟುವಷ್ಟರಲ್ಲಿ ಎದೆ ಬಿಗಿದು, ಯಾರದೋ ಮೇಲ್‌ಬಾಕ್ಸಿನ ಕಂಬ ಹಿಡಿದು ನಿಲ್ಲಬೇಕಾಯಿತು. ಬಸ್ಸಿನ ಹಿಂದಿನ ಗಾಜಿಗೆ ಮೂಗು ಒತ್ತಿಕೊಂಡು ಮಕ್ಕಳೆಲ್ಲ ನೋಡುತ್ತಿದ್ದರು. ಹಾಸನದಲ್ಲಿ ಹೈಸ್ಕೂಲು ಓದುವಾಗ ನಾನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೇ ಮೊದಲು ಬಂದವಳು ಅವಳು. ಈಗ ವಯಸ್ಸು ಮೂವತ್ತೊಂಬತ್ತು.

ಮಾರನೆಯ ದಿನವೇ ಎರಡು ಡಾಲರಿನ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟಳು. ದಿನಕ್ಕೆ ಎರಡು ಮೈಲಿ, ಒಂದು ದಿನವೂ ತಪ್ಪದೆ, ಒಂದು ವರ್ಷ ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು. ಜ್ವರ ಬಂದಾಗಲೂ ಓಡಿದಳು. ಲಾಸ್ ಏಂಜಲೀಸಿಗೆ ಮದುವೆಗೆಂದು ಹೋದಾಗ ಮೋಟೆಲಿನ ಪಾರ್ಕಿಂಗ್ ಲಾಟನ್ನೇ ನಲವತ್ತು ಸುತ್ತು ಹಾಕಿದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲ್ಲಿನ ಗುರುತುಗಳು ಸಾಲುಗಟ್ಟಿದವು. ೧೯೮೯ರ ಜನವರಿ ಮುಗಿಯುವ ಹೊತ್ತಿಗೆ ಇನ್ನು ಮೂರೇ ವಾರ ಬಾಕಿ ಉಳಿದಿತ್ತು.

ಇದನ್ನೆಲ್ಲ ಒಪ್ಪದೆ ಇದ್ದವರೆಂದರೆ ಅವಳ ಅತ್ತೆ ದೊಡ್ಡತಾಯಮ್ಮ. ಮಳವಳ್ಳಿ ಕಡೆಯವರು, ಅರವತ್ತನಾಲ್ಕು ವರ್ಷ. ಮಗ ಜಯರಾಮನ ಮನೆಯಲ್ಲಿ ಆರು ತಿಂಗಳು ಇದ್ದು ಹೋಗಲೆಂದು ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ಗೆ ಬಂದಿದ್ದರು. ಸೊಸೆ ಪ್ಯಾಂಟು ಹಾಕಿಕೊಂಡು ಬೀದಿಯಲ್ಲಿ ಓಡುವುದನ್ನು ಮೊದಲ ದಿನ ಕಿಟಕಿಯಿಂದ ನೋಡಿ, ಅವಳು ಒಳಗೆ ಬಂದ ಕೂಡಲೇ ಕೇಳಿದ್ದರು: "ಏನವ್ವ, ನಾಯಿ ಗೀಯಿ ಏನಾದ್ರೂ ಅಟ್ಟುಸ್ಕಂಡ್ ಬತ್ತಾ?"

ಆರೋಗ್ಯಕ್ಕೆ ಒಳ್ಳೆಯದು ಎಂದು ಜಲಜಾ ವಿವರಿಸಿದರೆ, ಆರೋಗ್ಯ ಬೇಕಿದ್ದರೆ ರಾಗಿ ಬೀಸು ಎಂದಿದ್ದರು. ಆದರೂ ದಿನಾ ಬೆಳಗ್ಗೆ ಆರೂವರೆಗೆ ಕಿಟಕಿಯ ಪರದೆ ಒಂದಿಷ್ಟು ಸರಿಯುತ್ತಿದ್ದುದನ್ನು ಜಲಜಾ ಗಮನಿಸಿದ್ದಳು.

ಫೆಬ್ರವರಿಯ ಮೊದಲ ವಾರ ಚಳಿ ಬಿತ್ತು. ಬೇ ಏರಿಯಾದಲ್ಲಿ ಅಂಥ ಚಳಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಹೊರಗಿನ ನಲ್ಲಿಗಳಿಗೆ ಜನ ಹಳೆಯ ಟವೆಲು ಸುತ್ತಿದರು. ಜಯರಾಮ ಸ್ಯಾನ್ ಹೋಸೆಗೆ ಕೆಲಸಕ್ಕೆ ಹೊರಡುವ ಮೊದಲು ಕ್ಯಾಸೆಟ್ಟಿನ ಡಬ್ಬಿಯಿಂದ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತಿದ್ದ. ಶುಕ್ರವಾರ ಬೆಳಗ್ಗೆ ಥರ್ಮಾಮೀಟರು ಇಪ್ಪತ್ತೆರಡು ಫ್ಯಾರನ್‌ಹೀಟ್ ತೋರಿಸಿತು. ನೀರು ಹೆಪ್ಪುಗಟ್ಟುವುದಕ್ಕಿಂತ ಹತ್ತು ಡಿಗ್ರಿ ಕೆಳಗೆ. ಮೂಲೆಮನೆಯವರು ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರನ್ನು ಆರಿಸಲು ಮರೆತಿದ್ದರು. ಸೈಡ್‌ವಾಕಿನ ಮೇಲೆ ನೀರು ಗಾಜಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಆ ಗಾಜು ಅರೆಗತ್ತಲೆಯಲ್ಲಿ ಜಲಜಾಳ ಕಣ್ಣಿಗೆ ಬೀಳಲಿಲ್ಲ. ಎರಡೂ ಕಾಲು ಒಟ್ಟಿಗೆ ಹಾರಿ, ಎಡಗೈ ಊರಿಕೊಂಡು ಬಿದ್ದಳು. ಎದ್ದು ಕುಂಟುತ್ತಲೇ ಎರಡು ಮೈಲಿ ಮುಗಿಸಿದಳು.

ಅವಳು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಮಣಿಕಟ್ಟಿಗೆ ಬ್ಯಾಂಡೇಜು ಬಿಗಿಸಿಕೊಂಡು ಸಂಜೆ ಮನೆಗೆ ಬಂದಾಗ, ಇನ್ನು ಸಾಕು, ಉಳಿದ ಹದಿನೈದು ದಿನ ಬಿಟ್ಟರೆ ಯಾರೂ ಕೇಳುವುದಿಲ್ಲ ಎಂದು ಜಯರಾಮ ಹೇಳಿದ.

"ನಾನು ಕೇಳ್ತೀನಲ್ಲ, ರೀ," ಎಂದಳು ಜಲಜಾ.

ಶನಿವಾರ ಬೆಳಗ್ಗೆ ಬಾಗಿಲಲ್ಲಿ ನಿಂತು ಹೆಪ್ಪುಗಟ್ಟಿದ ಬೀದಿಯನ್ನು ನೋಡುತ್ತಿದ್ದಾಗ ಎದುರು ಮನೆಯ ಆಲ್ಮಾ ಬಂದಳು. ಮಿನೆಸೋಟಾದಲ್ಲಿ ಮೂವತ್ತು ವರ್ಷ ಮನೆಮನೆಗೆ ಟಪಾಲು ಹಂಚಿ ನಿವೃತ್ತಳಾದವಳು. ಇದನ್ನೂ ಒಂದು ಚಳಿ ಅನ್ನುತ್ತೀರಾ ಎಂದು ನಕ್ಕು, ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ಕೊಟ್ಟಳು. ಅವುಗಳನ್ನು ಶೂ ಒಳಗಲ್ಲ, ಶೂ ಮೇಲೆ ಹಾಕಿಕೋ, ಉಣ್ಣೆ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ ಎಂದು ತೋರಿಸಿಕೊಟ್ಟಳು. ಉದ್ದ ಹೆಜ್ಜೆ ಬೇಡ, ಬಾತುಕೋಳಿಯ ಹಾಗೆ ಪುಟ್ಟ ಪುಟ್ಟ ಹೆಜ್ಜೆ. ಗಾಳಿ ಹೊಗದಂತೆ ಅಂಗಿಯೊಳಗೆ ಎದೆಗೆ ಒಂದು ನ್ಯೂಸ್‌ಪೇಪರು.

ಜಲಜಾ ಅಳುಕುತ್ತಾ ಅದೇ ಮೂಲೆಮನೆಯ ಮುಂದೆ ಹೆಜ್ಜೆಯಿಟ್ಟಳು. ಕಾಲು ಜಾರಲಿಲ್ಲ. ಇನ್ನೊಂದು ಹೆಜ್ಜೆ. ಕಾಲಡಿ ಮಂಜು ಕುರುಕುರು ಎಂದಿತು. ಎದೆಯ ಮೇಲೆ ಪೇಪರು ಚರಪರ ಎಂದಿತು. ಮೊದಲ ಮೈಲಿ ಮುಗಿಯುವ ಹೊತ್ತಿಗೆ ಅವಳು ಓಡುತ್ತಾ ಗಟ್ಟಿಯಾಗಿ ನಗುತ್ತಿದ್ದಳು. ಆಪ್ರಿಕಾಟ್ ತೋಟದ ಬೋಳು ಕೊಂಬೆಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಮೂಗಿನ ತುದಿ ಉರಿಯುತ್ತಿತ್ತು, ಮೈಯೊಳಗೆ ಒಲೆ ಹಚ್ಚಿದ ಹಾಗಿತ್ತು. ಇಂಥ ಒಂದು ಬೆಳಗನ್ನು ಹಾಸಿಗೆಯಲ್ಲಿ ಕಳೆದುಬಿಡುತ್ತಿದ್ದೆನಲ್ಲ ಎಂದುಕೊಂಡಳು.

ಭಾನುವಾರ ಆರು ಗಂಟೆಗೆ ಅವಳನ್ನು ಎಬ್ಬಿಸಿದ್ದು ಅಲಾರಂ ಅಲ್ಲ, ಅತ್ತೆ.

"ಏಳವ್ವ, ಗುಡ್ಡ ನೋಡು ಬಾ."

ಕಿಟಕಿಯಾಚೆ, ಅರೆಗತ್ತಲೆಯಲ್ಲೂ ಕಾಣುವಂತೆ, ಊರಿನ ಬೆನ್ನಿಗಿದ್ದ ಎಲ್ ಟೊರೊ ಗುಡ್ಡ ಸೊಂಟದಿಂದ ಮೇಲೆ ಬಿಳಿ. ರಾತ್ರಿ ಹಿಮ ಬಿದ್ದಿತ್ತು. ರೋಹಿಣಿ ನೈಟ್‌ಡ್ರೆಸ್ಸಿನಲ್ಲೇ ಓಡಿಬಂದು, "ಇಟ್ಸ್ ಸ್ನೋ, ಅಜ್ಜಿ, ರಿಯಲ್ ಸ್ನೋ," ಎಂದು ಕುಣಿದಳು. ದೊಡ್ಡತಾಯಮ್ಮ ಆಗಲೇ ಸಿದ್ಧರಾಗಿ ನಿಂತಿದ್ದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕೆಳಗೆ ಮಗನ ಪೈಜಾಮ, ಮೇಲೆ ಮಗನ ಜಾಕೆಟ್ಟು, ತಲೆಗೆ ಟವೆಲು.

"ಅದ ಮುಟ್ಬೇಕು ನಾನು," ಎಂದರು.

ಜಯರಾಮ ಕಾರು ತೆಗೆಯುತ್ತೇನೆಂದು ಹೊರಗೆ ಹೋದ. ಡ್ರೈವ್‌ವೇಯಲ್ಲೇ ಕಾರು ಅಡ್ಡಡ್ಡ ಜಾರಿತು. ಅಷ್ಟರಲ್ಲಿ ಆಲ್ಮಾ ಕೂಗಿ ಹೇಳಿದಳು: ಗುಡ್ಡದ ರಸ್ತೆಗೆ ಕಾರು ಬಿಡುತ್ತಿಲ್ಲ, ಪೊಲೀಸರು ಅಡ್ಡಗಟ್ಟೆ ಹಾಕಿದ್ದಾರೆ, ನಡೆದು ಹೋಗುವವರಿಗೆ ಅಡ್ಡಿಯಿಲ್ಲ. ಜೊತೆಗೆ ಇನ್ನೊಂದು ಮಾತು, ಬಿಸಿಲೇರಿದರೆ ಒಂಬತ್ತರೊಳಗೆ ಹಿಮವೆಲ್ಲ ಕರಗಿ ಹೋಗುತ್ತದೆ.

ಜಲಜಾಗೆ ಸಂಕಟ ಶುರುವಾಯಿತು. ಅತ್ತೆಯ ಜೊತೆ ನಡೆದರೆ ಓಟ ತಪ್ಪುತ್ತದೆ. ಓಟ ಮುಗಿಸಿ ಬಂದರೆ ಅಷ್ಟರಲ್ಲಿ ಹಿಮ ಹೋಗಿರುತ್ತದೆ. ಅತ್ತೆಯ ಮುಖ ನೋಡಿದಳು. ಮೂರು ತಿಂಗಳಲ್ಲಿ ಆ ಮುಖದಲ್ಲಿ ಅಂಥ ಬೆಳಕನ್ನು ಅವಳು ಕಂಡಿರಲಿಲ್ಲ. ಆಲ್ಮಾಳಿಂದ ಇನ್ನೊಂದು ಜೊತೆ ಕಾಲುಚೀಲ ಕೇಳಿ ತಂದು, ನೆಲದ ಮೇಲೆ ಕೂತು ಅತ್ತೆಯ ಶೂಗಳ ಮೇಲೆ ಎಳೆದು ಹಾಕಿದಳು. ಒಂದು ಉಪಾಯವೂ ಹೊಳೆದಿತ್ತು.

ದೊಡ್ಡತಾಯಮ್ಮ ನಡೆದರು. ಜಲಜಾ ಮುಂದೆ ನೂರು ಗಜ ಓಡಿ, ತಿರುಗಿ ಅವರ ಹತ್ತಿರ ಬಂದು, ಅವರನ್ನು ಸುತ್ತು ಹಾಕಿ, ಮತ್ತೆ ಮುಂದೆ ಓಡಿದಳು. ಮೂರು ಸಲ ಹೀಗಾದ ಮೇಲೆ ಅತ್ತೆ ನಿಂತು, ಬಿಚ್ಚಿಬಿಟ್ಟ ಕರುವಿನ ಹಾಗೆ ಆಡುತ್ತೀಯಲ್ಲ ಎಂದು ನಕ್ಕುಬಿಟ್ಟರು. ಹೊಲದಲ್ಲಿ ಬದುಕು ಸವೆಸಿದ ಕಾಲುಗಳು, ಏರಿನಲ್ಲೂ ಸೋಲಲಿಲ್ಲ. ಅಡ್ಡಗಟ್ಟೆಯ ಹತ್ತಿರ ನಿಂತಿದ್ದ ಪೊಲೀಸು ಇಬ್ಬರ ಕಾಲನ್ನೂ ನೋಡಿ ಟೋಪಿ ಮುಟ್ಟಿ ದಾರಿ ಬಿಟ್ಟ.

ಎಂಟು ಗಂಟೆಯಾಯಿತು. ಪೂರ್ವದ ಬೆಟ್ಟಸಾಲಿನ ಮೇಲೆ ಸೂರ್ಯ ಬಂದ. ಜಲಜಾ ತಲೆಯೆತ್ತಿ ನೋಡಿದರೆ ಗುಡ್ಡದ ಬಿಳಿ ಸೊಂಟದಿಂದ ಎದೆಗೆ ಏರಿತ್ತು. ಓಕ್ ಮರಗಳಿಂದ ಟಪಟಪ ನೀರು ಬೀಳುತ್ತಿತ್ತು. ಮೊದಲು ಹಿಮ ಇದ್ದ ತಿರುವಿಗೆ ಬಂದರೆ ಅಲ್ಲಿ ಬರೀ ಒದ್ದೆ ಹುಲ್ಲು. ಮುಂದಿನ ತಿರುವಿನಲ್ಲೂ ಅಷ್ಟೆ. ಅವರು ಏರಿದಷ್ಟೂ ಹಿಮ ಮೇಲಕ್ಕೆ ಸರಿಯುತ್ತಿತ್ತು.

ಜಲಜಾ ಮುಂದೆ ಓಡಿ ನೋಡಿ ಬಂದಳು. ರಸ್ತೆ ಬಡಗಣ ಮಗ್ಗುಲಿಗೆ ಹೊರಳುವಲ್ಲಿ, ನೆರಳಿನಲ್ಲಿ, ಇನ್ನೂ ಬಿಳಿ ಉಳಿದಿತ್ತು. ಬಿಸಿಲು ಅದರ ಅಂಚಿಗೆ ಬಂದಾಗಿತ್ತು. ಇನ್ನೂರು ಗಜ ಎಂದು ಏದುಸಿರಿನಲ್ಲಿ ಅತ್ತೆಗೆ ಹೇಳಿದಳು.

"ಹೊಂಟೋಯ್ತದಾ?"

"ಹೋಗುತ್ತೆ ಅತ್ತೆ. ಐದು ನಿಮಿಷ ಇರಬಹುದು."

ದೊಡ್ಡತಾಯಮ್ಮ ಎರಡೂ ಕೈಯಲ್ಲಿ ಸೀರೆಯ ನೆರಿಗೆ ಇನ್ನಷ್ಟು ಎತ್ತಿ ಹಿಡಿದರು. ಆಮೇಲೆ ಓಡಿದರು. ಮೊದಲು ನಾಲ್ಕು ತಡವರಿಕೆಯ ಹೆಜ್ಜೆ, ಅಷ್ಟೆ. ಬಳಿಕ ಬೆನ್ನು ನೆಟ್ಟಗಾಯಿತು, ಮೊಣಕಾಲು ಎತ್ತರಕ್ಕೆ ಬಂತು. ತಲೆಯ ಟವೆಲು ಜಾರಿ ಬಿತ್ತು, ಅವರು ತಿರುಗಿ ನೋಡಲಿಲ್ಲ. ಜಲಜಾ ಪಕ್ಕದಲ್ಲೇ ಕೈಚಾಚಿಕೊಂಡು ಓಡಿದಳು. ಹಿಡಿಯುವ ಅಗತ್ಯವೇ ಬರಲಿಲ್ಲ. ಆ ಏರಿನಲ್ಲಿ ಅವಳಿಗೆ ಉಸಿರು ಹಿಡಿಯುವುದಕ್ಕಿಂತ ನಗುವನ್ನು ತಡೆಯುವುದೇ ಕಷ್ಟವಾಯಿತು.

ನೆರಳಿನಲ್ಲಿ ಹಿಮ ಒಂದು ಗೇಣು ಇತ್ತು. ದೊಡ್ಡತಾಯಮ್ಮ ಅದರ ಮಧ್ಯಕ್ಕೇ ಹೋಗಿ ನಿಂತು, ಬಗ್ಗಿ ಎರಡೂ ಅಂಗೈ ಒತ್ತಿದರು. ಒಂದು ಹಿಡಿ ಎತ್ತಿ ಮೂಸಿದರು, ನಾಲಗೆಗೆ ಇಟ್ಟುಕೊಂಡರು, ಕೆನ್ನೆಗೆ ಸವರಿಕೊಂಡರು. ಎದೆ ಏರಿಳಿಯುತ್ತಿತ್ತು. ಜಲಜಾ ಅವರ ನಾಡಿ ಹಿಡಿದು ನೋಡಿದಳು, ವೇಗವಾಗಿದ್ದರೂ ಗಟ್ಟಿಯಾಗಿತ್ತು.

"ಮದ್ವೆ ಆದ್ ಮ್ಯಾಲೆ ಓಡಿರ್ನಿಲ್ಲ ಕಣವ್ವ," ಎಂದರು ಅವರು. "ಹದಿನೈದ್ ವರ್ಸಕ್ಕೆ ಮದ್ವೆ ಆಯ್ತು. ಆವತ್ತಿಂದ ಬಿರ್‍ಬಿರ್‍ನೆ ನಡ್ದಿವ್ನಿ. ಓಡಿರ್ನಿಲ್ಲ."

ಜಲಜಾ ಅವರ ತಣ್ಣನೆಯ ಕೈಗಳನ್ನು ತನ್ನ ಜಾಕೆಟ್ಟಿನೊಳಗೆ, ಪೇಪರಿನ ಕೆಳಗೆ ಇಟ್ಟುಕೊಂಡು ನಿಂತಳು.

ಕೆಳಗಿನಿಂದ, ಹಿಂದೆಯೇ ನಡೆದು ಹೊರಟಿದ್ದ ಜಯರಾಮನೂ ರೋಹಿಣಿಯೂ ಏದುತ್ತಾ ಬಂದರು. ಅಮ್ಮನಿಗೆ ಏನಾಯಿತೋ ಎಂದು ಜಯರಾಮನ ಮುಖ ಬಿಳಿಚಿತ್ತು. ಅವನು ಬಾಯಿ ತೆರೆಯುವ ಮೊದಲೇ ಒಂದು ಹಿಮದುಂಡೆ ಅವನ ಎದೆಗೆ ಬಡಿಯಿತು. ಎಸೆದದ್ದು ಅವನ ತಾಯಿ. ರೋಹಿಣಿ ಕಿರುಚಿಕೊಂಡು ಅಜ್ಜಿಯ ಪಕ್ಷ ಸೇರಿದಳು. ಬಿಸಿಲು ಆ ತಿರುವನ್ನು ಪೂರ್ತಿ ನುಂಗುವವರೆಗೆ ನಾಲ್ಕು ಜನರೂ ಅಲ್ಲೇ ಇದ್ದರು. ಇಳಿಯುವಾಗ ಜಲಜಾ ಲೆಕ್ಕ ಹಾಕಿದಳು. ಹಿಂದೆ ಮುಂದೆ ಓಡಿದ್ದೇ ಮೂರು ಮೈಲಿ ದಾಟಿತ್ತು.

ಎರಡು ವಾರದ ನಂತರ, ಸಣ್ಣಗೆ ಮಳೆ ಹನಿಯುತ್ತಿದ್ದ ಬೆಳಗ್ಗೆ, ವರ್ಷ ತುಂಬಿತು. ಕೊನೆಯ ಅರ್ಧ ಮೈಲಿ ಆಲ್ಮಾಳೂ ರೋಹಿಣಿಯೂ ಜೊತೆಗೆ ಓಡಿದರು. ದೊಡ್ಡತಾಯಮ್ಮ ಗೇಟಿನಲ್ಲಿ ಛತ್ರಿ ಹಿಡಿದು ನಿಂತು, ಸೊಸೆಗೆ ಆರತಿ ಎತ್ತಿ, ಬಿಸಿ ಕಾಫಿ ಕೊಟ್ಟರು. ಮಧ್ಯಾಹ್ನ ಊರಿನಲ್ಲಿದ್ದ ತಂಗಿ ವೆಂಕಟಮ್ಮನಿಗೆ ಕಾಗದ ಬರೆಸಲು ಜಲಜಾಳನ್ನು ಕೂರಿಸಿಕೊಂಡರು. ಚಳಿ, ಹಿಮ, ಪೊಲೀಸಿನವನು, ಎಲ್ಲವನ್ನೂ ಬಿಡದೆ ಹೇಳಿದರು. ಮುಗಿದ ಮೇಲೆ ಓದಿಸಿ ಕೇಳಿದರು. ಒಂದು ಕಡೆ ಕೈಯೆತ್ತಿ ನಿಲ್ಲಿಸಿದರು.

"ಗುಡ್ಡದ್ ಮ್ಯಾಕೆ ನಡ್ಕಂಡ್ ಹೋದೆ ಅಂತ ಬರ್ದಿದ್ದೀಯಾ? ಹೊಡ್ದಾಕು ಅದ. ಓಡ್ದೆ ಅಂತ ಬರಿ."

ಜಲಜಾ ಹೊಡೆದುಹಾಕಿ ಬರೆದಳು.