ನಿಮ್ಮವು ಎಷ್ಟು?

ಗಡಿ ನಾಕಾದ ಹೊಸ ಕ್ಯಾಮೆರಾ ಕುರಿ ಎಣಿಸುವುದರಲ್ಲಿ ಎಂದೂ ತಪ್ಪಿಲ್ಲವಂತೆ. ಇರಬಹುದು. ಕುರಿ ಕಾಯುವ ಸಾವಿತ್ರವ್ವನೂ ಎಂದೂ ತಪ್ಪಿದವಳಲ್ಲ. ಆದರೆ ಅವಳ ಮೊಬೈಲಿನ ಪರವಾನಗಿಯಲ್ಲಿ ನೂರಾ ಇಪ್ಪತ್ತು ಕುರಿ, ಕ್ಯಾಮೆರಾ ಕಂಡದ್ದು ನೂರಾ ಇಪ್ಪತ್ತೊಂದು. ಕಿರ್ರೆಂದು ಸದ್ದಾಯಿತು. ಮುಂದಿನ ಗೇಟು ಏಳಲಿಲ್ಲ, ಹಿಂದಿನದು ಬಿತ್ತು. ದಡ್ಡಿ ಊರು ದಾಟಿ ಮಹಾರಾಷ್ಟ್ರದ ಅಂಚಿನಲ್ಲಿ, ಬೇಸಿಗೆಯ ಬೆಳಗಿನ ಎಂಟು ಗಂಟೆಗೆ, ಎರಡು ಗೇಟುಗಳ ನಡುವಿನ ಡಾಂಬರಿನ ಮೇಲೆ ಮಂದೆ ಸಿಕ್ಕಿಬಿತ್ತು. ನೀರಿನ ತೊಟ್ಟಿ ಇದ್ದದ್ದು ಗೇಟಿನ ಆಚೆ.

ಹಿಂದೆ ಇಲ್ಲಿ ಎರಡು ನಾಕಾ, ಎರಡು ಕಡೆ ಕೈ ಮುಗಿಯಬೇಕಿತ್ತು. ಈಗ ಎರಡೂ ರಾಜ್ಯ ಕೂಡಿ ಒಂದೇ ಕೋಣೆ, ಒಂದೇ ಆ್ಯಪ್ ಮಾಡಿವೆ. ಜನರಿಗೆ ಸುಲಭವಾಗಲಿ ಎಂದು.

"ಒಂದು ಕುರಿ ಯಾಕ ಮುಚ್ಚಿಟ್ರಿ?" ಎಂದ ಕರ್ನಾಟಕದ ಕಡೆಯ ಅಧಿಕಾರಿ ಮಹಾಂತೇಶ.

"ಮುಚ್ಚಿಡಾಕ ಅದೇನ ಬಂಗಾರ ಏನ್ರಿ? ನಮ್ಮೂರು ಮಸಗುಪ್ಪಿಗೆ ಕುರಿ ಲೆಕ್ಕ ಬರಕೊಳ್ಳಾಕ ಬಂದವರು 'ನಿಮ್ಮವು ಎಷ್ಟು' ಅಂತ ಕೇಳಿದ್ರು. ನಮ್ಮವು ನೂರಾ ಇಪ್ಪತ್ತು. ಆ ಅರಿಷಿಣ ಹಚ್ಚಿದ್ದು ಮಾಳಿಂಗರಾಯಂದು. ದೇವರದನ್ನ ನಮ್ಮದು ಅಂತ ಹೆಂಗ ಹೇಳೂದು?"

ಮಹಾಂತೇಶ ನಗಲಿಲ್ಲ. ನಕ್ಕಿದ್ದರೂ ವಾಸಿಯಿತ್ತು.

"ಆ್ಯಪಿನ್ಯಾಗ ದೇವರಿಗೆ ಕಾಲಂ ಇಲ್ಲಬೇ."

"ಹಂಗಾರ ತಿದ್ದರಿ. ಆ ಕುರಿಗೆ ದಿನ ತುಂಬ್ಯಾವು. ಬಿಸಿಲಾಗ ನಿಂತರ ಮರಿ ಉಳಿಯೂದಿಲ್ಲ."

"ತಿದ್ದಬೇಕಂದ್ರ ಮೊದಲು ಜಾಧವ ಸಾಹೇಬ್ರು ಒಪ್ಪಬೇಕು."

ಮಹಾರಾಷ್ಟ್ರದ ಕಡೆಯ ಜಾಧವ ತಲೆ ಎತ್ತಿದ. "ಮೊದಲು ಇವರು ಒಪ್ಪಬೇಕು. ಆಮ್ಯಾಲ ನಮ್ಮದು."

ಒಬ್ಬನ ಮೊಣಕೈ ಇನ್ನೊಬ್ಬನಿಗೆ ತಾಕುವಷ್ಟು ಹತ್ತಿರ ಕೂತು, ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದರು ಈ ಇಬ್ಬರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಗಳೇ ಇಬ್ಬರು, ಇಬ್ಬರಿಗೂ ಫ್ಯಾನು. ಸಾವಿತ್ರವ್ವನ ಮೈಯೆಲ್ಲ ಉರಿದುಹೋಯಿತು.

ಅವಳ ಗಂಡ ಗೇಟು ಹತ್ತಿ ಇಳಿದು ಎರಡು ಕೊಡ ನೀರು ತಂದ. ಅಷ್ಟು ಬಾಯಿಗೆ ಅದು ಯಾವ ಲೆಕ್ಕ? ಹನ್ನೊಂದಕ್ಕೆ ಅವಳು ಮತ್ತೆ ಒಳಗೆ ಹೋದಳು.

"ಉಳಿದವು ಇಲ್ಲೇ ಇರಲಿ. ಅದೊಂದನ್ನ ಗೇಟಿನ ಆಚಿ ಬೇವಿನ ನೆಳ್ಳಿಗೆ ಬಿಡ್ರಿ."

"ಸಿಸ್ಟಂ ಲಾಕ್ ಆಗೈತಿ. ಮ್ಯಾಲ ಬರದು ಕಳಿಸೇವಿ. ಉತ್ತರ ಬರಲಿ," ಎಂದ ಮಹಾಂತೇಶ.

ಉತ್ತರ ಬರಲಿಲ್ಲ. ಗಂಡ ಹೆಂಡತಿ ಕಂಬಳಿಯ ತುದಿ ಹಿಡಿದು ದೇವರ ಕುರಿಗೆ ನೆರಳು ಮಾಡಿ ನಿಂತರು. ಒಂದೂವರೆಗೆ ಆ ಸುಡುವ ಡಾಂಬರಿನ ಮೇಲೆಯೇ ಅದು ಈದಿತು. ಸಾವಿತ್ರವ್ವ ಮರಿಯ ಮೂಗು ಒರೆಸಿದಳು, ಬಾಯಿಯಿಂದ ಉಸಿರು ಊದಿದಳು. ನಾಲ್ಕು ಸಲ ಹೊಟ್ಟೆ ಆಡಿತು. ಆಮೇಲೆ ಆಡಲಿಲ್ಲ.

ಎರಡು ಗಂಟೆಗೆ ಮೇಲಿನವರ ಫೋನು ಬಂತು: ಇಬ್ಬರೂ ಒಟ್ಟಿಗೆ ಒಪ್ಪಿಗೆಯ ಗುಂಡಿ ಒತ್ತಿದರೆ ಸಾಕಂತೆ. ಒತ್ತಿದರು. ಎರಡು ಬೆರಳು, ಒಂದು ಕ್ಷಣದ ಕೆಲಸ. ನೂರಾ ಇಪ್ಪತ್ತೊಂದು ಎಂದು ಪರವಾನಗಿ ತಿದ್ದಿಕೊಂಡಿತು. ಇಷ್ಟು ಸಣ್ಣ ಕೆಲಸಕ್ಕೆ ಆರು ತಾಸು ತೆಗೆದುಕೊಂಡವರನ್ನು ಏನೆನ್ನಬೇಕು?

ಸುದ್ದಿ ಹೇಳಲು ಹೊರಗೆ ಬಂದ ಮಹಾಂತೇಶ ಮರಿಯನ್ನು ನೋಡಿ ಲೊಚಗುಟ್ಟಿದ.

"ಸದ್ಯ, ಲೆಕ್ಕ ಕೆಡಲಿಲ್ಲ. ಬದುಕಿದ್ದರ ನೂರಾ ಇಪ್ಪತ್ತೆರಡಾಗಿ ಮತ್ತ ಲಾಕ್ ಆಗತಿತ್ತು."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸಮಾಧಾನ ಹೇಳುತ್ತಿದ್ದೇನೆ ಎಂದೇ ತಿಳಿದಿದ್ದ ಪುಣ್ಯಾತ್ಮ.

ಸಾವಿತ್ರವ್ವ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಕೋಣೆಗೆ ಹೋಗಿ, ಮೇಜಿನ ಮೇಲೆ, ಇಬ್ಬರ ಕುರ್ಚಿಗೂ ಸರಿಯಾಗಿ ನಡುವೆ ಇಟ್ಟಳು. ಮಹಾಂತೇಶನೂ ಹಿಂದೆಯೇ ಬಂದ.

"ಇದೂ ನಮ್ಮದಲ್ಲರಿ, ದೇವರದು. ಯಾವ ರಾಜ್ಯದಾಗ ಹುಗೀಲಿ? ಇಬ್ಬರೂ ಕೂಡಿ ಹೇಳ್ರಿ. ಯಾರು ಮೊದಲು ಒಪ್ಪತೀರಿ?"

ಅವಳು ನೆಲದ ಮೇಲೆ ಕೂತಳು.

ಹೊರಗೆ ಗೇಟು ಎದ್ದಿತ್ತು. ಮಂದೆ ನೀರಿನ ವಾಸನೆಗೆ ತೊಟ್ಟಿಯತ್ತ ನುಗ್ಗಿತು. ಕ್ಯಾಮೆರಾ ಒಂದೂ ಬಿಡದೆ ಎಣಿಸಿ, ನೂರಾ ಇಪ್ಪತ್ತು, ಒಂದು ಕಡಿಮೆ ಎಂದು ತೋರಿಸಿ, ಮತ್ತೆ ಕಿರ್ರೆಂದಿತು. ದೇವರ ಕುರಿ ಕೋಣೆಯ ಬಾಗಿಲಲ್ಲಿ ನಿಂತು ಮೇಜಿನ ಕಡೆ ಒದರುತ್ತಿತ್ತು.