ಹಿಮದಲ್ಲಿ ನಿಂತ ನಾಯಿ

ಶಿಡ್ಲಘಟ್ಟದ ರೇಷ್ಮೆ ಇಲಾಖೆಯ ಕಚೇರಿಯಲ್ಲಿ ಯಾರಿಗೆ ವರ್ಗವಾಗಲಿ, ಯಾರ ಮನೆಯಲ್ಲಿ ಮದುವೆಯಾಗಲಿ, ಗ್ರೀಟಿಂಗ್ ಕಾರ್ಡು ಅಂಗಡಿಯಿಂದ ಬರುತ್ತಿರಲಿಲ್ಲ. ಆಂಜಿನಮ್ಮ ಮಾಡಿಕೊಡುತ್ತಿದ್ದಳು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ರೇಷ್ಮೆಗೂಡು ನೂಲು ತೆಗೆಯುವುದಕ್ಕೆ ಬಾರದು. ಅಂಥ ಗೂಡುಗಳನ್ನು ಆರಿಸಿ ತಂದು, ಕತ್ತರಿಯಲ್ಲಿ ಎಸಳೆಸಳಾಗಿ ಕತ್ತರಿಸಿ, ಡ್ರಾಯಿಂಗ್ ಹಾಳೆಯ ಮೇಲೆ ಹೂವೋ ಹಕ್ಕಿಯೋ ಆಗುವಂತೆ ಅಂಟಿಸುತ್ತಿದ್ದಳು. ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಓದುವಾಗ ಸಂಕ್ರಾಂತಿಗೆ ಗೆಳತಿಯರಿಗೆಲ್ಲ ಕಾರ್ಡು ಮಾಡಿ ಕಳಿಸುವ ಚಟ ಹತ್ತಿತ್ತು. ಮದುವೆಯಾಗಿ, ಕೆಲಸ ಸಿಕ್ಕಿ, ಮಗಳು ಹುಟ್ಟಿದ ಮೇಲೂ ಅದು ಬಿಟ್ಟಿರಲಿಲ್ಲ.

ಅವಳ ಕೆಲಸ ಹಳ್ಳಿ ಹಳ್ಳಿಗೆ ಹೋಗಿ ಹುಳು ಸಾಕುವವರಿಗೆ ತಿಳಿವಳಿಕೆ ಹೇಳುವುದು. 1993ರಲ್ಲಿ ಬಿಳಿ ಗೂಡಿನ ತಳಿ ಸಾಕುವುದನ್ನು ಕಲಿತು ಬರಲು ಇಲಾಖೆಯಿಂದ ಐದು ಜನರನ್ನು ಜಪಾನಿಗೆ ಕಳಿಸುವುದೆಂದಾಯಿತು. ಐವರಲ್ಲಿ ಹೆಂಗಸು ಅವಳೊಬ್ಬಳೇ. ಗಂಡ ಬಯ್ಯಪ್ಪ ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವನು ಖುಷಿಪಟ್ಟ. ಆದರೆ ಆರು ವರ್ಷದ ಗೌತಮಿಯನ್ನು ಬಿಟ್ಟು ಮೂರು ತಿಂಗಳು ಹೋಗುವುದು ಹೇಗೆಂದು ಆಂಜಿನಮ್ಮನಿಗೇ ಕಾಲು ಹಿಂದಾಯಿತು.

ಅತ್ತೆ ಕೊಂಡಮ್ಮ ಗದರಿದಳು. "ಮಗೂನ ನಾನು ನೋಡ್ಕೋತೀನಿ, ಹೋಗ್ ಬಾರಮ್ಮ. ನಿಮ್ಮಾವ ಇದ್ದಿದ್ರೆ ಊರೆಲ್ಲಾ ಹೇಳ್ಕೊಂಡ್ ತಿರುಗ್ತಿದ್ರು."

ಅಕ್ಟೋಬರ್ ಕೊನೆಯಲ್ಲಿ ಹೊರಟಳು. ಸೂಟ್‌ಕೇಸಿನಲ್ಲಿ ಸ್ವೆಟರು, ಚಟ್ನಿಪುಡಿ, ಉಪ್ಪಿನಕಾಯಿಯ ಜೊತೆಗೆ ಒಂದು ಚೀಲ ಹಳದಿ ಗೂಡು, ಕತ್ತರಿ, ಒಂದು ಉಂಡೆ ಜರಿದಾರವೂ ಇತ್ತು.

ತರಬೇತಿ ಕೇಂದ್ರ ಇದ್ದದ್ದು ನಗಾನೋ ಪ್ರಾಂತ್ಯದ ಒಂದು ಪುಟ್ಟ ಊರಿನಲ್ಲಿ. ಸುತ್ತಲೂ ಬೆಟ್ಟ. ಗಂಡಸರಿಗೆ ಕೇಂದ್ರದ ಹಾಸ್ಟೆಲಿನಲ್ಲಿ ಜಾಗವಾಯಿತು. ಆಂಜಿನಮ್ಮನನ್ನು ಹತ್ತಿರದಲ್ಲೇ ಇದ್ದ ಹಯಾಶಿ ಎಂಬ ಹೆಂಗಸಿನ ಮನೆಯಲ್ಲಿ ಇರಿಸಿದರು. ಅರವತ್ತೈದು ದಾಟಿದ ಸಣ್ಣ ಜೀವ, ಮನೆಯಲ್ಲಿ ಒಬ್ಬರೇ. ಅವರಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಬಾರದು. ಇವಳಿಗೆ ಜಪಾನಿಯಲ್ಲಿ ನಮಸ್ಕಾರ, ಥ್ಯಾಂಕ್ಸ್, ಸಾಕು, ಇಷ್ಟೇ ಬರುತ್ತಿದ್ದದ್ದು.

ಮನೆಯ ಒಳಕೋಣೆಯಲ್ಲಿ ಕಪ್ಪು ಮರದ ಒಂದು ಪುಟ್ಟ ಗೂಡು, ಅದರೊಳಗೆ ಬುದ್ಧನ ವಿಗ್ರಹ, ಪಕ್ಕದಲ್ಲಿ ಹಯಾಶಿ ಅಮ್ಮನ ಯಜಮಾನರ ಫೋಟೋ. ಆಂಜಿನಮ್ಮನ ಮನೆಯವರೂ ಬೌದ್ಧರೇ. ಶಿಡ್ಲಘಟ್ಟದ ಮನೆಯ ನಡುಮನೆಯಲ್ಲಿ ಬುದ್ಧ ಮತ್ತು ಅಂಬೇಡ್ಕರರ ಫೋಟೋಗಳಿದ್ದವು. ಮೊದಲ ದಿನವೇ ಅವಳು ಆ ಗೂಡಿನ ಮುಂದೆ ಕೈಮುಗಿದು ನಿಂತದ್ದನ್ನು ಹಯಾಶಿ ಅಮ್ಮ ನೋಡಿದರು. ಮಾರನೆಯ ದಿನ ಅವಳಿಗಾಗಿ ಅಲ್ಲೊಂದು ಚಾಪೆ ಹಾಸಿತ್ತು. ಯಜಮಾನರು ತೀರಿಕೊಂಡು ಎಷ್ಟು ಕಾಲವಾಯಿತು ಎಂದು ಕೇಳುವಷ್ಟು ಭಾಷೆ ಇವಳಲ್ಲಿರಲಿಲ್ಲ. ಬಹಳ ವರ್ಷ ಆಗಿರಬೇಕೆಂದುಕೊಂಡಳು.

ಸಂಜೆ ಆ ಮನೆಯಲ್ಲಿ ರಜಾಯಿ ಹೊದಿಸಿದ ಗಿಡ್ಡ ಮೇಜಿನ ಸುತ್ತ ಕೂರುವುದು. ಮೇಜಿನ ಕೆಳಗೆ ಕರೆಂಟಿನ ಒಲೆ. ಕಾಲು ಒಳಗಿಟ್ಟರೆ ಹಿತವಾಗಿ ಕಾಯುತ್ತಿತ್ತು. ಅಲ್ಲಿ ಕೂತು ಆಂಜಿನಮ್ಮ ಮಗಳಿಗೆ ಕಾರ್ಡು ಮಾಡುತ್ತಿದ್ದಳು. ಅದನ್ನು ಕಂಡ ಹಯಾಶಿ ಅಮ್ಮ ಎದ್ದು ಹೋಗಿ ಒಂದು ಕಟ್ಟು ಕಾಗದ ತಂದು ಮುಂದಿಟ್ಟರು. ಬಟ್ಟೆಯ ಹಾಗೆ ಮೆತ್ತಗೆ, ಒಳಗೆ ನಾರು ಕಾಣುವ ಕಾಗದ. ಹರಿಯಬೇಕಾದ ಕಡೆ ನೀರಿನ ಗೆರೆ ಎಳೆದು ಮೆಲ್ಲಗೆ ಬಿಡಿಸುವುದು, ಬೆರಳಿನ ಉಗುರಿನಲ್ಲಿ ಮಡಿಕೆ ಒತ್ತುವುದು, ಎಲ್ಲ ತೋರಿಸಿಕೊಟ್ಟರು. ಇವಳು ಗೂಡು ಕತ್ತರಿಸುವುದನ್ನು ಅವರಿಗೆ ತೋರಿಸಿದಳು. ಒಂದು ದಿನ ಅವರ ಕೈಯಲ್ಲಿ ಎಸಳು ಚೂರಾದಾಗ ಇಬ್ಬರೂ ನಕ್ಕದ್ದೇ ಆ ಮನೆಯಲ್ಲಿ ಅವಳು ಕೇಳಿದ ಮೊದಲ ನಗು.

ಡಿಸೆಂಬರ್ ಬರುತ್ತಿದ್ದಂತೆ ಊರಿನ ಅಂಗಡಿಗಳಲ್ಲೆಲ್ಲ ಹೊಸ ವರ್ಷದ ಕಾರ್ಡುಗಳು ತುಂಬಿಕೊಂಡವು. ತಂಡದ ಹಿರಿಯರು ಚಿಂತಾಮಣಿಯ ರೇಷ್ಮೆ ಇನ್‌ಸ್ಪೆಕ್ಟರ್ ವೆಂಕಟರವಣಪ್ಪ. ಇಂಗ್ಲಿಷ್ ಬಲ್ಲವರಾದ್ದರಿಂದ ಎಲ್ಲರಿಗೂ ಅವರೇ ಕಿವಿ, ಅವರೇ ಬಾಯಿ.

"ಅಬ್ಬೋ, ಇಲ್ಲಿ ಇದೇ ದೊಡ್ಡ ಹಬ್ಬ ಕಣಮ್ಮ" ಎಂದರು ಅವರು. "ಮನೆ ಮನೆಗೂ ಕಟ್ಟುಗಟ್ಟಲೆ ಕಾರ್ಡು. ಪೋಸ್ಟಿನೋರು ಎಲ್ಲಾ ಹಿಡಿದಿಟ್ಕೊಂಡು ಒಂದನೇ ತಾರೀಕು ಬೆಳಿಗ್ಗೇನೇ ಕೊಡ್ತಾರಂತೆ."

ಹಯಾಶಿ ಅಮ್ಮನಿಗೆ ಯಾರೂ ಕಾರ್ಡು ಕಳಿಸುವ ಹಾಗೆ ಕಾಣಲಿಲ್ಲ. ಅಕ್ಕಪಕ್ಕದ ಮನೆಗಳ ಬಾಗಿಲಿಗೆ ಹಸಿರು ಕೊಂಬೆ ಕಟ್ಟಿದ್ದರು, ಈ ಬಾಗಿಲು ಬರಿದಾಗಿತ್ತು. ಒಬ್ಬರೇ ಇರುವವರು, ಯಾರಿಗೆ ಬೇಕು ಸಡಗರ ಎಂದುಕೊಂಡು ಬಿಟ್ಟಿದ್ದಾರೆ ಅಂತ ಆಂಜಿನಮ್ಮನಿಗೆ ಅನಿಸಿ ಸಂಕಟವಾಯಿತು. ತನ್ನದೊಂದಾದರೂ ಇರಲಿ ಎಂದು, ಅವರ ಕಣ್ಣಿಗೆ ಬೀಳದಂತೆ ಕಾರ್ಡು ಮಾಡಿದಳು. ಕೆಂಪು ಕಾಗದದ ಮೇಲೆ ಹಳದಿ ಗೂಡಿನಿಂದ ಕತ್ತರಿಸಿದ ಜೋಡಿ ಹಕ್ಕಿ, ಸುತ್ತ ಜರಿದಾರದ ಅಂಚು. ಅಷ್ಟು ಚೆಂದದ ಕಾರ್ಡು ತಾನು ಈ ಹಿಂದೆ ಮಾಡಿರಲಿಲ್ಲ ಎನಿಸಿತು ಅವಳಿಗೆ.

ಹೊಸ ವರ್ಷದ ಬೆಳಿಗ್ಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಹಯಾಶಿ ಅಮ್ಮನೂ ಎರಡೂ ಕೈಯಲ್ಲೇ ತೆಗೆದುಕೊಂಡರು. ತಲೆ ಬಾಗಿಸಿದರು. ಕಾರ್ಡನ್ನು ಬಹಳ ಹೊತ್ತು ನೋಡಿದರು. ಅದನ್ನು ಹಿಡಿದುಕೊಂಡೇ ಒಳಕೋಣೆಗೆ ಹೋಗಿ ಬಾಗಿಲು ಸರಿಸಿಕೊಂಡರು. ಒಳಗಿಂದ ಅಳುವ ಸದ್ದು ಕೇಳಿಸಿತು. ಬೀದಿಯಲ್ಲಿ ಪೋಸ್ಟ್‌ಮ್ಯಾನ್ ಸೈಕಲ್ಲು ಪಕ್ಕದ ಮನೆಯ ಮುಂದೆ ನಿಂತು, ಈ ಮನೆಯನ್ನು ದಾಟಿ, ಆಚೆ ಮನೆಯ ಮುಂದೆ ನಿಂತಿತು.

ಆಂಜಿನಮ್ಮ ಬೀದಿಬಾಗಿಲಿಗೆ ಬಂದು ನಿಂತಿದ್ದಾಗ, ಕಿವಿಗೆ ಮಫ್ಲರ್ ಸುತ್ತಿಕೊಂಡು ಕಿತ್ತಳೆಹಣ್ಣಿನ ಚೀಲ ಹಿಡಿದು ವೆಂಕಟರವಣಪ್ಪ ಬಂದರು.

"ಸಾರ್, ಹಯಾಶಿ ಅಮ್ಮ ಅಳ್ತಾವ್ರೆ. ನಾನೇನೋ ತಪ್ಪು ಮಾಡ್ಬಿಟ್ಟಿದೀನಿ."

"ಏನ್ ಮಾಡ್ದೆಯಮ್ಮ?"

"ಹೊಸ ವರ್ಷದ ಕಾರ್ಡು ಕೊಟ್ಟೆ."

ವೆಂಕಟರವಣಪ್ಪ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. "ಅಯ್ಯಯ್ಯೋ! ಸೆಂಟರ್‌ನೋರು ನಾವು ಬಂದ ಹೊಸದ್ರಲ್ಲೇ ಹೇಳಿದ್ರು ಕಣಮ್ಮ. ಇವರ ಯಜಮಾನ್ರು ಹೋದ ಆಗಸ್ಟ್‌ನಲ್ಲಿ ತೀರ್ಕೊಂಡ್ರಂತೆ. ಸಾವಾದ ಮನೆಯೋರು ಆ ವರ್ಷ ಕಾರ್ಡು ಕಳಿಸೋದೂ ಇಲ್ಲ, ಇಸ್ಕೊಳ್ಳೋದೂ ಇಲ್ಲ. ನಿಂಗೆ ಹೇಳ್ಬೇಕು ಅಂದ್ಕೊಂಡಿದ್ದೆ, ಮರ್ತೇ ಹೋಯ್ತು."

"ಆಗಸ್ಟಾ?" ಆಂಜಿನಮ್ಮನ ದನಿ ಇಳಿಯಿತು. "ಮೊನ್ನೆ ಮೊನ್ನೆ ಅಲ್ವಾ ಸಾರ್. ಜೋಡಿ ಹಕ್ಕಿ ಬೇರೆ ಅಂಟಿಸ್ಕೊಟ್ಟೆ."

"ಇರು, ಸೆಂಟರ್‌ಗೆ ಫೋನ್ ಮಾಡಿ ಯಾರನ್ನಾದ್ರೂ ಕರೆಸ್ತೀನಿ. ಗೊತ್ತಿಲ್ದೆ ಆಯ್ತು ಅಂತ ಹೇಳ್ಸೋಣ."

"ಬೇಡಿ ಸಾರ್. ನಾನೇ ಹೋಗ್ತೀನಿ."

ಮಾವ ಕೋನಪ್ಪ ತೀರಿಕೊಂಡ ವರ್ಷ ಅವಳ ಮನೆಯಲ್ಲೂ ಯುಗಾದಿ ಇರಲಿಲ್ಲ. ತೋರಣ ಕಟ್ಟಿರಲಿಲ್ಲ, ಒಬ್ಬಟ್ಟು ಮಾಡಿರಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಅಮ್ಮಾಜಮ್ಮ ತಟ್ಟೆಯಲ್ಲಿ ಒಬ್ಬಟ್ಟು ತಂದಳು. ತಟ್ಟೆ ಕಂಡದ್ದೇ ಕೊಂಡಮ್ಮ ಗೋಳೋ ಎಂದು ಅತ್ತುಬಿಟ್ಟಿದ್ದಳು. ಈ ಹೊತ್ತಿನಲ್ಲಿ ಯಾಕೆ ತಂದಳೋ ಎಂದು ಆಂಜಿನಮ್ಮನಿಗೆ ಸಿಟ್ಟು ಬಂದು, ಅವಳನ್ನು ಸಾಗಹಾಕಲು ನೋಡಿದಾಗ ಕೊಂಡಮ್ಮನೇ ತಡೆದಿದ್ದಳು. "ಕೂತ್ಕೊಳ್ಳಲಿ ಬಿಡಮ್ಮ. ಬೆಳಗಿಂದ ಯಾರೂ ಇತ್ತಕಡೆ ಬಂದಿಲ್ಲ."

ಆಂಜಿನಮ್ಮ ಟೀ ಕಾಯಿಸಿ, ಎರಡು ಬಟ್ಟಲಿಗೆ ಸುರಿದು, ಬಾಗಿಲು ಸರಿಸಿ ಒಳಗೆ ಹೋದಳು. ಹಯಾಶಿ ಅಮ್ಮನ ಪಕ್ಕದಲ್ಲಿ ಕುಳಿತು ಕನ್ನಡದಲ್ಲೇ ಹೇಳಿದಳು. "ನಂಗೆ ಗೊತ್ತಿರ್ಲಿಲ್ಲ ಅಮ್ಮ. ನಿಜವಾಗ್ಲೂ ಗೊತ್ತಿರ್ಲಿಲ್ಲ. ನಮ್ಮನೇಲೂ ಮಾವ ಹೋದಾಗ ಹಬ್ಬ ಮಾಡ್ಲಿಲ್ಲ. ನಮ್ಮತ್ತೇನೂ ಹಿಂಗೇ ಅತ್ರು." ಹಯಾಶಿ ಅಮ್ಮ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಒಬ್ಬರದು ಒಬ್ಬರಿಗೆ ತಿಳಿಯಲಿಲ್ಲ. ಆದರೂ ಇಬ್ಬರೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಕೆಂಪು ಕಾರ್ಡನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಂಜಿನಮ್ಮ ಕೈಚಾಚಿದಾಗ ಹಯಾಶಿ ಅಮ್ಮ ಬಿಡಲಿಲ್ಲ, ಎದೆಗೆ ಒತ್ತಿಕೊಂಡರು.

ಆಮೇಲೆ ಒಂದು ಪೆಟ್ಟಿಗೆ ತೆರೆದು ತೋರಿಸಿದರು. ಅದರ ತುಂಬ ಹಳೆಯ ಹೊಸ ವರ್ಷದ ಕಾರ್ಡುಗಳು. ಅಲ್ಲಿ ವರ್ಷಕ್ಕೊಂದು ಪ್ರಾಣಿಯ ಹೆಸರು. ಇಲಿಯ ವರ್ಷ, ಹುಲಿಯ ವರ್ಷ, ಕುದುರೆಯ ವರ್ಷ. ಪ್ರತಿ ಸಲವೂ ಯಜಮಾನರು ಆ ಪ್ರಾಣಿಯನ್ನು ಮರದ ಹಲಗೆಯಲ್ಲಿ ಕೆತ್ತುವುದು, ಹೆಂಡತಿ ಅದಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿ ತೆಗೆಯುವುದು. ಕೈಸನ್ನೆಯಲ್ಲೇ ಎಲ್ಲ ಹೇಳಿದರು. ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿದ ಒಂದು ಹಲಗೆಯಿತ್ತು. ಈ ವರ್ಷದ ನಾಯಿ. ಕಿವಿ, ಮೂತಿ, ಬೆನ್ನು, ಸುರುಳಿ ಸುತ್ತಿದ ಬಾಲ, ಎಲ್ಲ ಮುಗಿದಿತ್ತು. ಹೊಟ್ಟೆಯ ಕೆಳಗೆ ಬರೀ ಹಲಗೆ. ಕಾಲು ಕೆತ್ತುವ ಮೊದಲೇ ಅವರು ಹೋಗಿಬಿಟ್ಟಿದ್ದರು. ಹಯಾಶಿ ಅಮ್ಮ ಆ ಬರಿಯ ಜಾಗದ ಮೇಲೆ ಬೆರಳಾಡಿಸಿ, ತಲೆ ಅಲ್ಲಾಡಿಸಿ, ಹಲಗೆಗೆ ಮತ್ತೆ ಬಟ್ಟೆ ಸುತ್ತಿದರು.

ರಜೆ ಮುಗಿದು ತರಬೇತಿ ಶುರುವಾಯಿತು. ಆಂಜಿನಮ್ಮನ ತಲೆಯಿಂದ ಆ ನಾಯಿ ಹೋಗಲಿಲ್ಲ. ತಮ್ಮ ಮರೆವಿನಿಂದ ಆದ ಎಡವಟ್ಟಿಗೆ ಬೇಜಾರು ಮಾಡಿಕೊಂಡಿದ್ದ ವೆಂಕಟರವಣಪ್ಪನವರೇ ಅವರನ್ನಿವರನ್ನು ವಿಚಾರಿಸಿಕೊಂಡು ಬಂದು ಹೇಳಿದರು. "ಏಳನೇ ತಾರೀಕು ಕಳೆದ್ಮೇಲೆ ಸಾವಾದ ಮನೆಯೋರೂ ಕಾರ್ಡು ಕಳಿಸ್ಬೋದಂತಮ್ಮ. ಶುಭಾಶಯ ಅನ್ಬಾರ್ದು. ಚಳಿ ಜಾಸ್ತಿಯಿದೆ, ಹುಷಾರಾಗಿದೀರಾ ಅಂತ ಕೇಳ್ಬೋದಂತೆ."

ಅಂದು ಹಗಲಿಡೀ ಹಿಮ ಬಿದ್ದಿತ್ತು. ಮನೆಗೆ ನಡೆದು ಬರುವಾಗ ಅವಳ ಬೂಟು ಮೊಣಕಾಲಿನವರೆಗೂ ಹೂತುಹೋಗುತ್ತಿತ್ತು. ತನ್ನ ಕಾಲೇ ತನಗೆ ಕಾಣದೆ ಹೆಜ್ಜೆ ಹಾಕುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತಳು. ಅಲ್ಲಿಂದಲೇ ಹಿಂದಕ್ಕೆ ತಿರುಗಿ ಕೇಂದ್ರಕ್ಕೆ ಹೋಗಿ, ನೂಲಿಗೆ ಬಾರದ ಬಿಳಿ ಗೂಡುಗಳನ್ನು ಕೇಳಿ ಜೇಬು ತುಂಬಿಸಿಕೊಂಡು ಬಂದಳು.

ಗೂಡುಗಳನ್ನು ಬಿಸಿನೀರಲ್ಲಿ ನೆನೆಸಿ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡಿಸಿದಳು. ಹಲಗೆಯನ್ನು ತರಿಸಿಕೊಂಡು, ಕೆತ್ತಿದ ಭಾಗಕ್ಕೆ ಮಾತ್ರ ಮಸಿ ಹಚ್ಚಿರೆಂದು ಸನ್ನೆ ಮಾಡಿದಳು. ಹಯಾಶಿ ಅಮ್ಮ ಒಪ್ಪಲಿಲ್ಲ. ಇವಳು ಬಿಡಲಿಲ್ಲ. ಕೊನೆಗೆ ಅವರು ನಿಟ್ಟುಸಿರು ಬಿಟ್ಟು ಒಂದು ಹಾಳೆ ಒತ್ತಿ ತೆಗೆದರು. ಕಾಲಿಲ್ಲದ ನಾಯಿ ಗಾಳಿಯಲ್ಲಿ ತೇಲಿದ ಹಾಗೆ ಕಂಡಿತು. ಆಂಜಿನಮ್ಮ ಬಿಳಿಯ ಪದರವೊಂದನ್ನು ಹರಿದು, ಅಂಚನ್ನು ಉಬ್ಬುತಗ್ಗು ಮಾಡಿ, ನಾಯಿಯ ಹೊಟ್ಟೆಯ ಕೆಳಗೆ ಅಂಟಿಸಿದಳು. ಅದರ ಮೇಲೊಂದು, ಅದರಾಚೆಗೊಂದು. ರೇಷ್ಮೆಯ ಹೊಳಪು ದೀಪದ ಬೆಳಕಿಗೆ ಥೇಟು ಹಿಮದ ಹಾಗೇ ಮಿನುಗಿತು.

ಹಿಮದಲ್ಲಿ ಕಾಲು ಹೂತು, ಬಾಲ ಎತ್ತಿ, ನಾಯಿ ನಿಂತುಕೊಂಡಿತು.

ಹಯಾಶಿ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಮೊದಲಿಗೆ ತಿಳಿಯಲಿಲ್ಲ. ನಗುತ್ತಿದ್ದರು. ಕಾರ್ಡನ್ನು ಒಳಕ್ಕೆ ಒಯ್ದು ಯಜಮಾನರ ಫೋಟೋದ ಮುಂದಿಟ್ಟು, ಗಂಟೆ ಬಾರಿಸಿ, ಅವರಿಗೆ ಏನೇನೋ ಹೇಳಿಕೊಂಡರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಬಂದು ಮೇಜಿಗೆ ಕುಳಿತರು. ಒಬ್ಬರು ಒತ್ತುವುದು, ಒಬ್ಬರು ಅಂಟಿಸುವುದು. ಆ ವಾರವೆಲ್ಲ ಮೇಜಿನ ಮೇಲೆ ಊಟದ ತಟ್ಟೆಗೆ ಜಾಗವಿರಲಿಲ್ಲ.

ಕಾರ್ಡುಗಳು ಹೋದವು. ಮುಂದಿನ ವಾರದಿಂದ ಪೋಸ್ಟ್‌ಮ್ಯಾನ್ ಆ ಮನೆಯ ಮುಂದೆಯೂ ನಿಲ್ಲತೊಡಗಿದ. ಯಜಮಾನರ ಗೆಳೆಯರೊಬ್ಬರಂತೂ ಮರುಪತ್ರ ಬರೆಯದೆ ರೈಲು ಹತ್ತಿ ತಾವೇ ಬಂದರು. ಕೈಯಲ್ಲಿ ಕಾರ್ಡು ಹಿಡಿದು ಬಾಗಿಲಲ್ಲೇ ನಿಂತು ಗಟ್ಟಿಯಾಗಿ ನಕ್ಕು, ಆಮೇಲೆ ಟೋಪಿಯಿಂದ ಕಣ್ಣೊರೆಸಿಕೊಂಡರು. ಅವತ್ತು ಹಯಾಶಿ ಅಮ್ಮ ಮೂವರಿಗೂ ಅಡುಗೆ ಮಾಡಿದರು. ಆಂಜಿನಮ್ಮ ತನ್ನ ಉಪ್ಪಿನಕಾಯಿ ಬಡಿಸಿ, ಅವರಿಬ್ಬರ ಕಣ್ಣಲ್ಲಿ ಬೇರೆ ಥರದ ನೀರು ತರಿಸಿದಳು.

ಜನವರಿ ಕೊನೆಗೆ ಹೊರಡುವ ದಿನ ಬಂತು. ರೈಲು ನಿಲ್ದಾಣದಲ್ಲಿ ಆಂಜಿನಮ್ಮ ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದಳು. ಹಯಾಶಿ ಅಮ್ಮ ಗಾಬರಿಯಾಗಿ, ತಾವೂ ಅಷ್ಟೇ ಬಗ್ಗಿದರು. ಇಬ್ಬರ ತಲೆಗಳೂ ಢಿಕ್ಕಿ ಹೊಡೆದವು. ಹಣೆ ಉಜ್ಜಿಕೊಳ್ಳುತ್ತಲೇ ಆಂಜಿನಮ್ಮ ರೈಲು ಹತ್ತಿದಳು.

ಊರಿಗೆ ಬಂದಾಗ ಗೌತಮಿ ಅರ್ಧ ಗಂಟೆ ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡಿ, ಆಮೇಲೆ ಅಮ್ಮನ ತೊಡೆ ಬಿಟ್ಟು ಇಳಿಯಲಿಲ್ಲ. ಕೊಂಡಮ್ಮ ಜಪಾನಿನ ರೈಲು, ಬೆಟ್ಟ, ಯಂತ್ರ ಯಾವುದನ್ನೂ ಕೇಳಲಿಲ್ಲ. ಹಯಾಶಿ ಅಮ್ಮನ ಸಂಗತಿಯನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿಕೊಂಡಳು.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಜಪಾನಿನಿಂದ ಒಂದು ಕಾರ್ಡು ಬಂತು. ನಾರಿನ ಕಾಗದದ ಮೇಲೆ ವಕ್ರವಕ್ರವಾಗಿ ಒತ್ತಿದ ಯಾವುದೋ ಪ್ರಾಣಿ. ಕೊಂಡಮ್ಮ ಅದನ್ನು ಬೆಳಕಿಗೆ ಹಿಡಿದಳು.

"ಇದೇನೇ ಇದು, ಹಂದಿಯಾ, ಹುಣಸೆಹಣ್ಣಿನ ಉಂಡೆಯಾ?"

"ಹಂದೀನೇ ಅತ್ತೆ. ಈ ಸಲದ್ದು ಹಂದಿ ವರ್ಷ. ಅವರೇ ಕೆತ್ತವ್ರೆ."

"ಅವಳೇನಾ? ಈ ವಯಸ್ನಲ್ಲಿ ಕಲಿತ್ಕೊಂಡ್ಳಾ?"

ಕೊಂಡಮ್ಮ ಇನ್ನಷ್ಟು ಹೊತ್ತು ಆ ಹಂದಿಯನ್ನೇ ನೋಡಿದಳು. ಕಾರ್ಡನ್ನು ಸೊಸೆಯ ಕೈಗೆ ಕೊಡುತ್ತ ಹೇಳಿದಳು.

"ಬೇಸಿಗೇಲಿ ಬಾ ಅಂತ ಬರಿಯಮ್ಮ. ಮಾವಿನಹಣ್ಣಿರ್ತದೆ."