ನೀಲಿ ಪೆಟ್ಟಿಗೆಯ ದಾರಿ

ನಾವು ಆ ಓಣಿಗೆ ಕಾಲಿಟ್ಟಾಗ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಬಡಿದು ಮುಚ್ಚಿದ್ದಲ್ಲ, ಬಿಸಿಲು ಒಳಗೆ ಬಂದೀತೆಂದು ಮುಚ್ಚಿದ ಹಾಗೆ, ಮೆಲ್ಲಗೆ. ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಕೂಸಿಗೆ ಎಣ್ಣೆ ತಿಕ್ಕುತ್ತಿದ್ದ ಮುದುಕಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದಳು. ನನ್ನ ಜೊತೆಗಿದ್ದ ನರ್ಸ್ ದಾಕ್ಷಾಯಣಿಯವರು ಹೆಗಲ ಮೇಲಿನ ಲಸಿಕೆಯ ನೀಲಿ ಪೆಟ್ಟಿಗೆಯನ್ನು ಇಳಿಸಿ ಬೆನ್ನ ಹಿಂದೆ ಹಿಡಿದುಕೊಂಡರು.

"ಇದನ್ನ ಕಂಡ್ರ ಹಿಂಗ ಮಾಡ್ತಾರ್ರಿ ಮೇಡಂ," ಎಂದರು. "ಮೊದಲ ನಾ ಬಂದ್ರ, ನರ್ಸಬಾಯಾರ, ಚಾ ಮಾಡ್ಲೇನು ಅಂತಿದ್ರು."

ಲಸಿಕೆಯ ದಾರಿ ಹಿಡಿದು ಹೋಗುವುದು ಆಗ ನನ್ನ ಕೆಲಸವಾಗಿತ್ತು. ಕಾರ್ಖಾನೆಯಿಂದ ಹೊರಟ ಒಂದು ಸೀಸೆ ಮಗುವಿನ ತೊಡೆಯನ್ನು ಸೇರುವವರೆಗೆ ಎಲ್ಲೆಲ್ಲಿ ತಂಗುತ್ತದೆ, ಯಾರ ಕೈಯಿಂದ ಯಾರ ಕೈಗೆ ದಾಟುತ್ತದೆ, ಎಲ್ಲಿ ತಡವಾಗುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ದೇಶದುದ್ದಕ್ಕೂ ನೋಡಿ, ಸರಿಪಡಿಸುವ ಬಗೆ ಹೇಳಲು ಸರಕಾರ ಒಂದು ತಂಡ ಕಟ್ಟಿತ್ತು. ನಾವು ಊರುಗಳನ್ನು ಹಂಚಿಕೊಂಡೆವು. ನನ್ನ ಪಾಲಿಗೆ ಬಿಸಿಲ ಸೀಮೆ ಬಂತು. ಎಷ್ಟೋ ಉಗ್ರಾಣಗಳನ್ನು ನೋಡಿದೆ. ಒಂದೂರಿನಲ್ಲಿ ಲಸಿಕೆಯ ಶೀತಪೆಟ್ಟಿಗೆಯೊಳಗೆ ಡಾಕ್ಟರರ ಮಗಳ ಮದುವೆಯ ಮಲ್ಲಿಗೆ ಹಾರಗಳು ತಣ್ಣಗೆ ಮಲಗಿದ್ದವು. ಲಸಿಕೆ ಮೇಜಿನ ಮೇಲೆ ಬೆವರುತ್ತಿತ್ತು. ಇಂಥದ್ದನ್ನು ಕಂಡಾಗ ಸಿಟ್ಟು ಬರುತ್ತಿತ್ತು. ಆದರೆ ತಪ್ಪು ಕಣ್ಣಿಗೆ ಕಾಣುವ ಊರುಗಳಲ್ಲಿ ಕೆಲಸ ಸುಲಭ. ಈ ಊರಿನಲ್ಲಿ ಹಾಗಿರಲಿಲ್ಲ.

ನಾನು ಬರುವ ಮೊದಲೇ ಅಲ್ಲಿಗೆ ನಾಯಿಕೆಮ್ಮು ಬಂದಿತ್ತು. ಅದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಮಗು ಕೆಮ್ಮುತ್ತ ಕೆಮ್ಮುತ್ತ ಉಸಿರಿಗೆ ಜಾಗವೇ ಇಲ್ಲದಂತಾಗುತ್ತದೆ, ಮುಖ ಕಪ್ಪಿಡುತ್ತದೆ, ಕೊನೆಗೆ ಗಾಳಿ ಒಳಗೆ ನುಗ್ಗುವಾಗ ಕೂಗಿನಂಥ ಸದ್ದೊಂದು ಏಳುತ್ತದೆ. ಬಂದದ್ದು ಲಸಿಕೆ ಹಾಕಿಸಿಕೊಳ್ಳದ ಮಕ್ಕಳಿಗಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ದಾಕ್ಷಾಯಣಿಯವರು ಮನೆಮನೆಗೆ ಹೋಗಿ, ಕಾಡಿ ಬೇಡಿ, ಎಲ್ಲ ಸೂಜಿಗಳನ್ನೂ ಹಾಕಿದ್ದ ಕೂಸುಗಳಿಗೇ ಬಂದಿತ್ತು. ಅವರಲ್ಲಿ ಫಕೀರವ್ವ ಎಂಬವಳ ಮಗಳು, ಇನ್ನೂ ಅಂಬೆಗಾಲಿಡುವ ಮಗು, ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡು ಮಲಗಿತ್ತು. ಫಕೀರವ್ವನ ಗಂಡ ಸೂಜಿ ಬೇಡವೆಂದಿದ್ದನಂತೆ. ದಾಕ್ಷಾಯಣಿಯವರೇ ಅವನೆದುರು ನಿಂತು ಒಪ್ಪಿಸಿದ್ದರು.

ಊರಿನ ಆರೋಗ್ಯಾಧಿಕಾರಿ ಡಾಕ್ಟರ್ ಪೋತದಾರರಿಗೆ ಯಾವ ಸಂಶಯವೂ ಇರಲಿಲ್ಲ. "ತನಿಖಿ ಮಾಡೋದು ಏನದ ಇದರಾಗ, ಮೇಡಂ? ಪೆಟ್ಟಿಗಿ ಬಿಸಲಾಗ ಇಟ್ಟಾರ. ಬರಫ ಕರಗೇದ. ಲಸಿಕಿ ಕೆಟ್ಟದ. ಅಮಾನತ್ತಿನ ಆದೇಶ ಟೈಪ್ ಆಗ್ಲಿಕ್ಕೆ ಕೊಟ್ಟೀನಿ."

"ಬಿಸಿಲಲ್ಲಿ ಇಟ್ಟದ್ದನ್ನು ಯಾರಾದರೂ ನೋಡಿದ್ದಾರೆಯೇ?"

"ನೋಡಬೇಕಂತೇನದ? ಸ್ಟೋರಿನ್ಯಾಗ ಎಲ್ಲಾ ಬರೋಬ್ಬರಿ ಅದ. ಕಾರ್ಖಾನಿಯಿಂದ ಬಂದ ಮಾಲು ಚಲೋ ಅದ. ಉಳಿದದ್ದು ಅಕೀದೊಂದs ಹೆಗಲು."

ಅವರು ಕೆಟ್ಟ ಮನುಷ್ಯರಲ್ಲ. ದಿನವೂ ವಾರ್ಡಿನಲ್ಲಿ ಆ ಕೂಗು ಕೇಳುತ್ತಿದ್ದರು, ಊರವರು ಕಚೇರಿಯ ಮುಂದೆ ಬಂದು ನಿಲ್ಲುತ್ತಿದ್ದರು, ಮೇಲಿನಿಂದ ಫೋನು ಬರುತ್ತಿತ್ತು. ಅವರಿಗೆ ಒಂದು ಕಾರಣ ಬೇಕಿತ್ತು. ನಿಜ ಹೇಳಬೇಕೆಂದರೆ, ಆ ಸುಡುವ ಬಿಸಿಲಿನಲ್ಲಿ ಓಡಾಡುತ್ತಿದ್ದ ನನಗೂ ಬಿಸಿಯ ಹೊರತು ಬೇರೆ ಕಾರಣ ಹೊಳೆದಿರಲಿಲ್ಲ.

ದಾಕ್ಷಾಯಣಿಯವರು ವಾದಿಸಲಿಲ್ಲ. ಕೆಲಸ ಮುಗಿದ ಮೇಲೆ ನೇರವಾಗಿ ಆಸ್ಪತ್ರೆಗೆ ಹೋಗಿ ಫಕೀರವ್ವನ ಪಕ್ಕ ಕೂರುತ್ತಿದ್ದರು. ಫಕೀರವ್ವ ಅವರೊಡನೆ ಮಾತು ಬಿಟ್ಟಿದ್ದಳು. ಆದರೂ ಇವರು ನೀರು ತಂದುಕೊಡುತ್ತಿದ್ದರು, ಕೆಮ್ಮು ಬಂದಾಗ ಮಗುವನ್ನು ಬೋರಲು ಹಿಡಿದು ಬೆನ್ನು ನೀವುತ್ತಿದ್ದರು. ಒಂದು ಮಧ್ಯಾಹ್ನ ನಾನೂ ಹೋದೆ. ಫಕೀರವ್ವ ನನ್ನೊಡನೆ ಮಾತಾಡಿದಳು. ದಾಕ್ಷಾಯಣಿಯವರಿಗೆ ಕೇಳಲೆಂದೇ ನನ್ನೊಡನೆ ಆಡಿದಂತಿತ್ತು.

"ಎಲ್ಲಾ ಸೂಜಿ ಸುಳ್ಳ ಅಂತ ನಾ ಅನ್ನಂಗಿಲ್ರಿ. ದಡಾರ ಸುತ್ತಲ ಹಳ್ಳಿಗೆಲ್ಲಾ ಬಂತು. ನಮ್ಮ ದೊಡ್ಡ ಹುಡುಗಿಗೆ ಬರ್ಲಿಲ್ಲ, ಓಣ್ಯಾಗ ಯಾ ಕೂಸಿಗೂ ಬರ್ಲಿಲ್ಲ. ಆ ಸೂಜಿ ಹಿಡೀತು. ಇದs ಯಾಕ ಹಿಡೀಲಿಲ್ಲ?"

ನಾನು ತಲೆಯಾಡಿಸಿ ಎದ್ದೆ. ವಾರ್ಡಿನ ಬಾಗಿಲು ದಾಟಿದ ಮೇಲೆ ಆ ಮಾತು ನನ್ನನ್ನು ನಿಲ್ಲಿಸಿತು. ದಡಾರದ ಲಸಿಕೆ ಬಿಸಿಗೆ ಬಲು ಬೇಗ ಸೋಲುತ್ತದೆ. ಇದು ನಾನು ಓದಿದ್ದು, ಬೇರೆಯವರಿಗೆ ಪಾಠ ಹೇಳಿದ್ದು. ಬಿಸಿ ತಾಗಿದ್ದರೆ ಮೊದಲು ಕೆಡಬೇಕಾದದ್ದು ಅದು. ಅದೇ ಪೆಟ್ಟಿಗೆಯಲ್ಲಿ, ಅದೇ ಹೆಗಲ ಮೇಲೆ, ಅದೇ ಬಿಸಿಲಿನಲ್ಲಿ ಹೋದ ದಡಾರದ ಲಸಿಕೆ ಗಟ್ಟಿಯಾಗಿ ಉಳಿದು, ಬಿಸಿಯನ್ನು ಅದಕ್ಕಿಂತ ಹೆಚ್ಚು ತಾಳುವ ನಾಯಿಕೆಮ್ಮಿನ ಲಸಿಕೆ ಕೆಟ್ಟಿತೆಂದರೆ, ಕೆಡಿಸಿದ್ದು ಬಿಸಿಯಲ್ಲ. ದಡಾರದ ಲಸಿಕೆಗೆ ಏನೂ ಮಾಡದೆ, ನಾಯಿಕೆಮ್ಮಿನ ಲಸಿಕೆಯನ್ನು ಮಾತ್ರ ಕೊಲ್ಲುವ ಸಂಗತಿ ಒಂದೇ ಇತ್ತು. ಅದು ಹೆಪ್ಪುಗಟ್ಟುವುದು.

ಬೆವರು ಒರೆಸಿಕೊಳ್ಳುತ್ತ, ಈ ಊರಿನಲ್ಲಿ ಚಳಿಯನ್ನು ಹುಡುಕಬೇಕು ಎಂದುಕೊಂಡಾಗ ನನಗೇ ವಿಚಿತ್ರವೆನಿಸಿತು.

ಊರಿನ ಲಸಿಕೆ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದವರು ಗುರುಶಾಂತಪ್ಪ. ಬಿಳಿ ಟೋಪಿಯ, ತೆಳ್ಳನೆಯ ಹಿರಿಯರು. ಅವರ ಖೋಲಿಯಷ್ಟು ಚೊಕ್ಕಟವಾದ ಖೋಲಿಯನ್ನು ನಾನು ಇಡೀ ಪ್ರವಾಸದಲ್ಲಿ ಕಂಡಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಬಂದ ದಿನವೇ ನಾನು ಅದನ್ನು ನೋಡಿ ಮೆಚ್ಚಿಕೊಂಡಿದ್ದೆ. ಈಗ ಮತ್ತೆ ಹೋದೆ.

"ಎಂಥಾ ಉರಿ ಬಿಸಲಾಗೂ ನನ್ನ ಖೋಲ್ಯಾಗ ಲಸಿಕಿ ಕೆಡಂಗಿಲ್ರಿ," ಎಂದರು. ಆಮೇಲೆ ದನಿ ತಗ್ಗಿಸಿ, "ಒಮ್ಮೆ ಕೆಟ್ಟಿತ್ರಿ. ನಾ ಆಗಿನ್ನೂ ಹೊಸಬ. ಟ್ರಾನ್ಸಫಾರ್ಮರ್ ಸುಟ್ಟು ಕರೆಂಟ ಹೋತು, ಎಲ್ಲಾ ಔಷಧ ಕಾದ ನೀರಾತು. ಹಿತ್ತಲಾಗ ತಗ್ಗ ತೆಗೆದು ನಾನs ಮುಚ್ಚಿದೆ. ಕೂಸುಗಳ ಔಷಧ ಮಣ್ಣಾಗ ಹಾಕೂದು ಅಂದ್ರ ಹೆಂಗಿರತೈತಿ ನೀವs ಹೇಳ್ರಿ. ಅವತ್ತಿಂದ ಈ ಗುಂಡಿ ಕಡೀತನಕ ತಿರುಗಿಸಿ ಇಟ್ಟೀನಿ. ಕರೆಂಟ ಹೋದ್ರೂ ತಂಪ ಉಳೀಲಿ ಅಂತ," ಎಂದು ಶೀತಪೆಟ್ಟಿಗೆಯ ಬದಿಯ ಗುಂಡಿಯನ್ನು ತೋರಿಸಿದರು.

ಹಗಲಿನಲ್ಲಿ ಆ ಊರಿನ ಕರೆಂಟು ಬರುತ್ತಿತ್ತು, ಹೋಗುತ್ತಿತ್ತು, ಬಂದಾಗಲೂ ಸೊರಗಿರುತ್ತಿತ್ತು. ಹಾಗಾಗಿ ಗುರುಶಾಂತಪ್ಪ ಕಚೇರಿಯ ಹೊತ್ತಿನಲ್ಲಿ ನೋಡಿದಾಗೆಲ್ಲ ಉಷ್ಣಮಾಪಕ ಸರಿಯಾಗಿಯೇ ತೋರಿಸುತ್ತಿತ್ತು. ಊರು ಮಲಗಿದ ಮೇಲೆ ಕರೆಂಟು ತುಂಬಿ ಬರುತ್ತಿತ್ತು. ಮರುದಿನ ಬೆಳಕು ಹರಿಯುತ್ತಲೇ ಅವರಿಂದ ಬೀಗ ತೆಗೆಸಿ ಮುಚ್ಚಳ ಎತ್ತಿದೆ. ತಳದ ಸಾಲಿನ ಸೀಸೆಗಳ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿಯ ಹಿಮವಿತ್ತು. ಒಂದನ್ನು ಓರೆಮಾಡಿದೆ. ಒಳಗಿನದು ಅಲುಗಲಿಲ್ಲ.

ಆ ಬೆಳಿಗ್ಗೆ ಪೋತದಾರರ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ನಾಯಿಕೆಮ್ಮಿನ ಲಸಿಕೆಯ ಮೂರು ಸೀಸೆಗಳನ್ನು ಇಟ್ಟೆ. ಒಂದು, ಹಿಂದಿನ ರಾತ್ರಿ ನಾನೇ ಬೇಕೆಂದು ಮಂಜುಗಡ್ಡೆ ಮಾಡಿ ಕರಗಿಸಿದ್ದು. ಇನ್ನೊಂದು, ಗುರುಶಾಂತಪ್ಪನವರ ತಳದ ಸಾಲಿನದು, ಅದೂ ಕರಗಿತ್ತು. ಮೂರನೆಯದು, ಬೇರೆ ಊರಿನ ಒಳ್ಳೆಯ ಉಗ್ರಾಣದಿಂದ ನನ್ನ ಜೊತೆ ಬಂದದ್ದು. ಮೂರನ್ನೂ ಒಟ್ಟಿಗೆ ಹಿಡಿದು ಚೆನ್ನಾಗಿ ಅಲ್ಲಾಡಿಸಿ, ಮತ್ತೆ ಕಟ್ಟೆಯ ಮೇಲೆ ನಿಲ್ಲಿಸಿದೆ. ಮೂರೂ ಹಾಲಿನಂತಿದ್ದವು. ಪೋತದಾರರು, ದಾಕ್ಷಾಯಣಿಯವರು, ಗುರುಶಾಂತಪ್ಪ, ಎಲ್ಲರೂ ನಿಂತು ನೋಡುತ್ತಿದ್ದರು. ನಿಧಾನವಾಗಿ ಮೊದಲನೆಯ ಸೀಸೆಯ ತಳದಲ್ಲಿ ಬಿಳಿಯದು ಕೂತು ಮೇಲೆ ತಿಳಿನೀರು ನಿಂತಿತು. ಎರಡನೆಯದರಲ್ಲೂ ಹಾಗೆಯೇ. ಮೂರನೆಯದು ಹಾಲಾಗಿಯೇ ಉಳಿಯಿತು.

"ತಳಕ್ಕೆ ಕೂತದ್ದರಲ್ಲಿ ಶಕ್ತಿ ಇಲ್ಲ," ಎಂದೆ. "ಹೆಪ್ಪುಗಟ್ಟಿದರೆ ಹೀಗಾಗುತ್ತದೆ. ಇದು ನೀಲಿ ಪೆಟ್ಟಿಗೆಗೆ ಹೋಗುವ ಮೊದಲೇ ಸತ್ತಿತ್ತು."

ಗುರುಶಾಂತಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಬಿಸಿ ತಾಗಬಾರದು ಅಂತ ಹೇಳ್ಕೊಟ್ಟಿದ್ರಿ," ಎಂದರು. "ತಂಪು ಹೆಚ್ಚಾಗಬಾರದು ಅಂತ ಯಾರೂ ಹೇಳ್ಲಿಲ್ರಿ."

ಅದು ನಿಜವಾಗಿತ್ತು. ಗೋಡೆಯ ಮೇಲಿನ ಸೂಚನೆಯ ಹಾಳೆಯಲ್ಲೂ ಬಿಸಿಯ ಮಾತೇ ಇತ್ತು. ದೇಶದ ಎಲ್ಲ ಉಗ್ರಾಣಗಳ ಗೋಡೆಗಳಲ್ಲೂ ಅದೇ ಹಾಳೆ ಇತ್ತು.

ದಾಕ್ಷಾಯಣಿಯವರು ಕುರ್ಚಿಯ ಮೇಲೆ ಕೂತಿದ್ದರು. ತಮ್ಮ ಮೇಲಿನ ಆರೋಪ ಹೋಯಿತೆಂಬ ಮಾತು ಅವರ ಬಾಯಿಂದ ಬರಲಿಲ್ಲ. "ಹಂಗಾರ ನಾ ಸೂಜಿ ಹಾಕಿದ ಕೂಸುಗಳಿಗೆಲ್ಲ ಮತ್ತ ಹಾಕಬೇಕಲ್ರಿ?" ಎಂದು ಕೇಳಿದರು.

"ಹೌದು. ಎಲ್ಲರಿಗೂ."

ಪೋತದಾರರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. "ಹೆಚ್ಚಿನ ಸೂಜಿ ಬಂದದ ಅಂತ ಹೇಳಿ ಹಾಕಿಬಿಡೋಣ," ಎಂದರು. "ಕೆಟ್ಟಿತ್ತು ಅಂದ್ರ ಮುಂದ ಯಾರ ಬರ್ತಾರ?"

"ಬ್ಯಾಡ್ರಿ ಸಾಹೇಬ್ರ," ಎಂದರು ಗುರುಶಾಂತಪ್ಪ. "ಹಂಗ ಹಾಕಿದ್ರ ಬಾಯಾರ ಮ್ಯಾಲಿನ ಮಾತು ಹಂಗs ಉಳೀತೈತಿ. ನಾ ಹೋಗಿ ಹೇಳ್ತೀನಿ."

ಪೋತದಾರರು ಅವರನ್ನು ನೋಡಿದರು, ಆಮೇಲೆ ದಾಕ್ಷಾಯಣಿಯವರನ್ನು. "ಸಿಸ್ಟರ್, ನಂದು ತಪ್ಪಾತು," ಎಂದರು. ಅಷ್ಟೇ ಹೇಳಿ ಎದ್ದು, "ನಡೀರಿ, ನಾನೂ ಬರ್ತೀನಿ," ಎಂದರು.

ಓಣಿಯಲ್ಲಿ ಅವತ್ತೂ ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಂಡವು. ಗುರುಶಾಂತಪ್ಪ ನಡುವಿನ ಒಂದು ಮನೆಯ ಕಟ್ಟೆಯ ಮೇಲೆ ಕೂತರು. ಮುಚ್ಚಿದ ಬಾಗಿಲುಗಳಿಗೇ ಹೇಳುವಂತೆ ಗಟ್ಟಿಯಾಗಿ ಮಾತಾಡಿದರು. ತಾನು ಯಾರು, ಔಷಧ ತನ್ನ ಕೈಯಲ್ಲಿ ಹೇಗೆ ಕೆಟ್ಟಿತು, ನರ್ಸಬಾಯಿಯ ತಪ್ಪು ಏನೂ ಇಲ್ಲ. ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ. ಕೊನೆಗೆ ಅವರ ಬೆನ್ನ ಹಿಂದಿನ ಬಾಗಿಲೇ ತೆರೆಯಿತು. ವಯಸ್ಸಾದ ಹೆಂಗಸೊಬ್ಬಳು ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

"ಹಂಗಾರ ಕೆಟ್ಟದ್ದು ಕೊಟ್ಟೆ ಅನ್ನು."

"ಹೌದಬೇ, ಕೊಟ್ಟೆ. ತಿಳೀದ ಕೊಟ್ಟೆ."

"ಈಗ ತರೂದು ಚಲೋ ಐತಿ ಅಂತ ನಾವು ಹೆಂಗ ನಂಬೂದು?"

ಗುರುಶಾಂತಪ್ಪ ನನ್ನತ್ತ ನೋಡಿದರು. ನನ್ನ ಚೀಲದಲ್ಲಿ ಆ ಸೀಸೆಗಳಿದ್ದವು. ಕೆಟ್ಟದ್ದೊಂದನ್ನು, ಒಳ್ಳೆಯದೊಂದನ್ನು ಅವಳ ಕೈಗೆ ಕೊಟ್ಟು ಅಲ್ಲಾಡಿಸಲು ಹೇಳಿದೆ. ಅವಳು ಕೂಸಿನ ಮುಂದೆ ಗಿಲಕಿ ಆಡಿಸುವಂತೆ ಆಡಿಸಿ ಕಟ್ಟೆಯ ಮೇಲಿಟ್ಟಳು. ಕಾಯುತ್ತ ನಿಂತಿದ್ದಾಗ ಪಕ್ಕದ ಮನೆಯವಳು ಬಂದಳು, ಎದುರು ಮನೆಯವಳು ಬಂದಳು. ಒಂದರಲ್ಲಿ ನೀರು ತಿಳಿಯಾದಾಗ ತಲೆಗಳೆಲ್ಲ ಕಟ್ಟೆಯ ಮೇಲೆ ಬಾಗಿದವು.

"ಒಡದ ಹಾಲಿನಂಗ ಆತು ನೋಡ," ಎಂದಳು ಒಬ್ಬಳು.

"ನನಗೂ ಕೊಡ್ರಿ, ನಾ ಅಳ್ಳಾಡಸ್ತೀನಿ," ಎಂದಳು ಇನ್ನೊಬ್ಬಳು. ಆ ಎರಡು ಸೀಸೆಗಳು ಅವತ್ತು ಓಣಿಯ ಉದ್ದಕ್ಕೂ ಕೈಯಿಂದ ಕೈಗೆ ಹೋದವು. ಬೈಗುಳವೂ ಸಾಕಷ್ಟು ಬಿತ್ತು. ಗುರುಶಾಂತಪ್ಪ ಎಲ್ಲವನ್ನೂ ಕೂತು ಕೇಳಿದರು. ಬೈದು ಮುಗಿಸಿದ ಮೇಲೆ ಮೊದಲ ಹೆಂಗಸು ದಾಕ್ಷಾಯಣಿಯವರ ಕಡೆ ತಿರುಗಿ, "ನೀ ಯಾಕ ಬಿಸಲಾಗ ನಿಂತಿ? ಒಳಗ ಬಾ," ಎಂದಳು.

ಹೊಸ ಲಸಿಕೆ ಬರುವಷ್ಟರಲ್ಲಿ ಫಕೀರವ್ವನ ಮಗು ಚೇತರಿಸಿಕೊಂಡಿತು. ಒಂದು ಬೆಳಿಗ್ಗೆ ಅದು ಹಾಲು ಕುಡಿದು, ಕೆಮ್ಮದೆ, ಹಾಗೇ ನಿದ್ದೆಹೋಯಿತು. ಫಕೀರವ್ವ ಉಸಿರು ಬಿಗಿಹಿಡಿದು ಕಾದಳಂತೆ, ಇನ್ನೇನು ಕೆಮ್ಮು ಬಂತು ಎಂದು. ಬರಲಿಲ್ಲ. ಪಕ್ಕದಲ್ಲಿದ್ದ ದಾಕ್ಷಾಯಣಿಯವರ ತೋಳು ಹಿಡಿದು, "ಅಕ್ಕಾ, ಮಲಗೇತಿ ನೋಡು," ಎಂದಳಂತೆ. ಅವರಿಬ್ಬರ ನಡುವೆ ಬಿಟ್ಟುಹೋಗಿದ್ದ ಮಾತು ಹೀಗೆ ಮತ್ತೆ ಶುರುವಾಯಿತು.

ನಮ್ಮ ತಂಡದವರೆಲ್ಲ ಒಂದೆಡೆ ಸೇರಿದಾಗ, ಚಳಿಗೆ ಕೆಟ್ಟ ಲಸಿಕೆ ಈ ಒಂದೇ ಊರಿನದಲ್ಲ ಎಂದು ತಿಳಿಯಿತು. ಎಲ್ಲಿ ಹೆಚ್ಚು ಕಾಳಜಿಯಿತ್ತೋ ಅಲ್ಲೇ ಹೆಚ್ಚು ಕೆಟ್ಟಿತ್ತು. ಶೀತಪೆಟ್ಟಿಗೆಗಳ ಗುಂಡಿಗಳನ್ನು ಹದಕ್ಕೆ ತಂದು ಕದಲದಂತೆ ಮಾಡಿಸಿದೆವು. ಹೆಪ್ಪುಗಟ್ಟಬಾರದ ಸೀಸೆಗಳು ತಳದಿಂದ ಮೇಲಿನ ಬುಟ್ಟಿಗಳಿಗೆ ಬಂದವು. ಮಂಜುಗಡ್ಡೆಯ ಚೀಲಗಳು, ಸೀಸೆಗಳನ್ನು ಹೆಪ್ಪುಗಟ್ಟಿಸದಂತೆ, ತುಸು ಕರಗಿ ಬೆವರಿದ ಮೇಲೆಯೇ ನೀಲಿ ಪೆಟ್ಟಿಗೆಗೆ ಸೇರಬೇಕೆಂದಾಯಿತು. ಗೋಡೆಯ ಹಾಳೆಗಳೂ ಬದಲಾದವು. ಸೀಸೆ ಅಲ್ಲಾಡಿಸಿ ನೋಡುವುದನ್ನು ಬೇರೆ ಊರುಗಳ ಉಗ್ರಾಣದವರಿಗೆ ಹೇಳಿಕೊಡಲು ನಾನು ಗುರುಶಾಂತಪ್ಪನವರನ್ನು ಕರೆದೊಯ್ದೆ. ಅವರು ಪಾಠವನ್ನು ತಮ್ಮ ಕತೆಯಿಂದಲೇ ಶುರು ಮಾಡುತ್ತಿದ್ದರು. ಅದೆಲ್ಲ ಆಮೇಲಿನ ಮಾತು.

ಮರುಲಸಿಕೆಯ ದಿನ ಶಾಲೆಯ ಪಡಸಾಲೆಯಲ್ಲಿ ನಾವು ಬೇಗ ಹೋಗಿ ಕೂತಿದ್ದೆವು. ಮೊದಲು ಯಾರೂ ಇರಲಿಲ್ಲ. ಪೋತದಾರರು ಸುಮ್ಮನೆ ಕುರ್ಚಿಗಳನ್ನು ಸರಿಸುತ್ತಿದ್ದರು. ಆಮೇಲೆ ಗೇಟಿನ ಹತ್ತಿರ ಸೀರೆಯ ಬಣ್ಣಗಳು ಕಂಡವು. ಮತ್ತೆ ನೋಡಿದಾಗ ಪಡಸಾಲೆ ತುಂಬಿ ಅಂಗಳದ ಬೇವಿನ ನೆರಳಿನವರೆಗೆ ಸಾಲು ನಿಂತಿತ್ತು. ಒಂದು ಕೂಸು ಅತ್ತರೆ ಸಾಲಿನ ಕೊನೆಯದೂ ಅಳುತ್ತಿತ್ತು. ಆ ಗದ್ದಲ ನನಗೆ ಹಿತವಾಗಿತ್ತು. ದಾಕ್ಷಾಯಣಿಯವರಿಗೆ ತಲೆಯೆತ್ತಲೂ ಪುರಸೊತ್ತಿರಲಿಲ್ಲ.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನನಗೆ ಪರಿಚಯವೇ ಇಲ್ಲದ ತಾಯಿಯೊಬ್ಬಳು, ಮಗುವಿಗೆ ಸೂಜಿ ಹಾಕಿಸಿಕೊಂಡು ಹೊರಗೆ ಬಂದವಳು, ಬಿಚ್ಚಿಹೋಗಿದ್ದ ತುರುಬು ಕಟ್ಟಿಕೊಳ್ಳಬೇಕೆಂದು ಸುತ್ತಮುತ್ತ ನೋಡಿದಳು. "ಒಂದೀಟ ಹಿಡೀರಿ," ಎಂದು, ನಾನು ಯಾರೆಂದೂ ಕೇಳದೆ, ಕೂಸನ್ನು ನನ್ನ ತೋಳಿಗೆ ಹಾಕಿದಳು. ಅತ್ತು ಸುಸ್ತಾದ ಆ ಕೂಸು ಒಮ್ಮೆ ಬಿಕ್ಕಿತು, ಮುಷ್ಟಿಯಲ್ಲಿ ನನ್ನ ಸೆರಗು ಹಿಡಿಯಿತು, ಭಾರವಾಗಿ ನಿದ್ದೆಹೋಯಿತು. ತಾಯಿ ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡು, ಅವಸರವಿಲ್ಲದೆ, ಕೂದಲು ಸುತ್ತುತ್ತಿದ್ದಳು.